ಗ್ರಾಫೈಟ್ ಬಿಲ್ಲೆಗೆ ಹಚ್ಚಿದ ಅರಿಶಿನ

ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದಾಗ ನಾನು ಸೋಲಾಪುರದ ವಿಜಾಪುರ ರಸ್ತೆಯ ಕಾಲೇಜೊಂದರಲ್ಲಿ ಲೇಸರ್ ಪ್ರಯೋಗಾಲಯದ ಮುಖ್ಯಸ್ಥೆಯಾಗಿದ್ದೆ. ಕಣಗಳನ್ನು ಭಾರಿ ವೇಗಕ್ಕೆ ದೂಡುವ ಆಕ್ಸಿಲರೇಟರ್ ಯಂತ್ರಕ್ಕೆ ಅಯಾನುಗಳನ್ನು ಒದಗಿಸುವುದು ನಮ್ಮ ಕೆಲಸ. ಗಾಳಿ ತೆಗೆದ ಪೆಟ್ಟಿಗೆಯೊಳಗಿನ ಗ್ರಾಫೈಟ್ ಬಿಲ್ಲೆಗೆ ಲೇಸರ್ ಹೊಡೆದರೆ ಆ ಜಾಗ ಆವಿಯಾಗಿ ಪ್ಲಾಸ್ಮಾ ಆಗುತ್ತದೆ. ಅದರಲ್ಲಿರುವ, ವಿದ್ಯುದಾವೇಶ ಹೊತ್ತ ಇಂಗಾಲದ ಕಣಗಳೇ ನಮಗೆ ಬೇಕಾದ ಅಯಾನುಗಳು. ಹೇಳುವುದು ಸುಲಭ. ವರ್ಷವಿಡೀ ಹೆಣಗಿದರೂ ಒಂದು ಹೊಡೆತದಂತೆ ಇನ್ನೊಂದು ಬರುತ್ತಿರಲಿಲ್ಲ.

ದಸರೆ ಮುಗಿದ ಮೇಲೆ ಪುಣೆಯ ಆಕ್ಸಿಲರೇಟರ್ ತಂಡ ಪರೀಕ್ಷೆಗೆ ಬಂತು. ಅವರು ಒಪ್ಪದಿದ್ದರೆ ಯೋಜನೆ ನಿಲ್ಲುತ್ತಿತ್ತು, ಅದರೊಂದಿಗೆ ನನ್ನ ಸಹಾಯಕಿ ಶ್ರೀದೇವಿಯ ಕೆಲಸವೂ ಹೋಗುತ್ತಿತ್ತು. ಅವಳು ಅಕ್ಕಲಕೋಟೆ ಕಡೆಯ ಒಕ್ಕಲುತನದ ಮನೆಯವಳು. ಓದಿದ್ದೆಲ್ಲ ಮರಾಠಿಯಲ್ಲಿ, ನನ್ನೊಡನೆ ಮಾತ್ರ ಕನ್ನಡ. ಆ ಪೆಟ್ಟಿಗೆಯನ್ನು ಜೋಡಿಸಿದವಳೇ ಅವಳು.

ಮೊದಲ ಹೊಡೆತಕ್ಕೆ, ಯಾವ ಕಣ ಎಷ್ಟಿದೆ ಎಂದು ತೋರಿಸುವ ಪರದೆಯ ಮೇಲೆ ಹೈಡ್ರೋಜನ್ನಿನ ಗುಡ್ಡವೇ ಎದ್ದಿತು. ಇಂಗಾಲ ಅದರ ಪಕ್ಕದಲ್ಲಿ ಸಣ್ಣ ದಿಬ್ಬ. ಬಿಲ್ಲೆ ಶುದ್ಧವಾಗಿಲ್ಲ ಎಂದು ತಂಡದ ಮುಖ್ಯಸ್ಥರು ಗಡಿಯಾರ ನೋಡಿಕೊಂಡರು. ಪೆಟ್ಟಿಗೆ ತೆರೆದರೆ ಮತ್ತೆ ಗಾಳಿ ತೆಗೆಯಲು ಇಡೀ ದಿನ ಬೇಕು. ಅವರು ಸಂಜೆಗೇ ಹೊರಡುವವರು.

ಶ್ರೀದೇವಿಯ ಮುಖ ಸಪ್ಪಗಾಯಿತು. "ಮ್ಯಾಡಂ, ಖಂಡೇನವಮಿ ಆಯುಧಪೂಜಾಕ್ಕ ಗ್ರಾಫೈಟ್ ಬಿಲ್ಲಿಗೆ ಅರಿಶಿಣ ಹಚ್ಚಿದ್ದೆರಿ. ಒರಸೇ ಒಳಗ ಇಟ್ಟೀನಿ. ಜಿಡ್ಡು ಉಳದದ ಕಾಣತದ."

ನಾನು ವ್ಯಾಪಾರಸ್ಥರ ಮನೆಯಲ್ಲಿ ಬೆಳೆದವಳು. ಗಿರಾಕಿ ಎದುರಿಗಿರುವಾಗ ಮನೆಯವರನ್ನು ಬೈಯುವುದಿಲ್ಲ. "ಬೋಣಿಗಿ ಕೆಟ್ಟದಂತ ಯಾರರ ದುಕಾನ ಮುಚ್ಚತಾರೇನವ್ವಾ? ಲೇಸರ್ ಶಕ್ತಿ ಇಳಸು. ಅದೇ ಜಾಗಾಕ್ಕ ಹೊಡಿ" ಎಂದೆ.

ಅರಿಶಿನದಲ್ಲಿ ಹೈಡ್ರೋಜನ್ ಇದೆ, ಗ್ರಾಫೈಟಿನಲ್ಲಿಲ್ಲ. ಮೆಲ್ಲಗೆ ಹೊಡೆದರೆ ಮೇಲಿನ ಪದರ ಹಾರಿ, ಬಿಲ್ಲೆ ಉಳಿಯಬೇಕು. ಹೊಡೆದಂತೆಲ್ಲ ಗುಡ್ಡ ಕರಗುತ್ತ ಬಂತು. ಕೊನೆಗೆ ಪೂರ್ತಿ ಶಕ್ತಿ ಕೊಟ್ಟಾಗ ಇಂಗಾಲ ನೆಟ್ಟಗೆ ಎದ್ದು ನಿಂತಿತು. ಮತ್ತೆ ಹೊಡೆದೆವು, ಅಷ್ಟೇ ಎತ್ತರ. ಮತ್ತೊಮ್ಮೆ ಹೊಡೆದರೂ ಅಷ್ಟೇ. ವರ್ಷವಿಡೀ ನಮ್ಮನ್ನು ಗೋಳು ಹೊಯ್ದುಕೊಂಡದ್ದು ಕಣ್ಣಿಗೆ ಕಾಣದ ಬೆರಳಿನ ಜಿಡ್ಡು, ಗಾಳಿಯ ತೇವ. ಅರಿಶಿನ ಅದನ್ನೇ ದೊಡ್ಡದು ಮಾಡಿ ತೋರಿಸಿತ್ತು. ಆ ವಯಸ್ಸಿನಲ್ಲೂ ನನಗೆ ಕುಣಿಯಬೇಕೆನಿಸಿತು.

ಮುಖ್ಯಸ್ಥರು ನಮ್ಮ ಪೆಟ್ಟಿಗೆಯನ್ನು ಒಪ್ಪಿಕೊಂಡರು. ಪುಣೆಯಲ್ಲಿ ಅದನ್ನು ಜೋಡಿಸಲು ಶ್ರೀದೇವಿಯೇ ಬರಬೇಕೆಂದೂ ಹೇಳಿದರು. ಮೊದಲು ಮೆಲ್ಲಗೆ ಹೊಡೆದು ತೊಳೆಯುವುದು ಅಂದಿನಿಂದ ನಮ್ಮಲ್ಲಿ ನಿಯಮವಾಯಿತು.

ದೋಷ ಚಿಕ್ಕದಿರುವಾಗ ಅದರ ಜೊತೆಗೇ ಸಂಸಾರ ಮಾಡುತ್ತೇವೆ. ಮುಖಕ್ಕೆ ಹೊಡೆದಂತೆ ಬಂದ ದಿನವೇ ಅದರ ಬೇರು ಸಿಗುತ್ತದೆ. ನನ್ನ ಕೆಲಸ ನನಗೆ ಕಲಿಸಿದ್ದು ಇದನ್ನೇ.

ಮುಂದಿನ ಖಂಡೇನವಮಿಗೆ, ಪುಣೆಯ ಕೆಲಸ ಮುಗಿಸಿ ಬಂದಿದ್ದ ಶ್ರೀದೇವಿ ಹೊಸ ಬಿಲ್ಲೆಯ ಎದುರು ಅರಿಶಿನದ ಬಟ್ಟಲು ಹಿಡಿದು ಹಿಂದೆಮುಂದೆ ನೋಡುತ್ತ ನಿಂತಳು.

"ಮ್ಯಾಡಂ, ಈ ಸಲ ಎಲ್ಲಿ ಹಚ್ಚಲಿರಿ?"

"ಬಿಲ್ಲಿಗೇ ಹಚ್ಚು. ಈಗ ನಮಗ ತಗಿಯಾಕ ಬರ್ತದಲ್ಲ."