ಮೂರನೆಯ ಬೋಗಿಯ ಹಿಂದಿನ ಗಾಲಿ

ಗೆಳೆಯರೇ, ಇಂದು ಮಧ್ಯಾಹ್ನದೊಳಗೆ ನನ್ನ ರೈಲು ಒಂದೇ ತಿರುವಿನಲ್ಲಿ ಏಳು ಸಲ ಹಳಿ ತಪ್ಪಿತು. ಆಟಿಕೆಯ ಪ್ಲಾಸ್ಟಿಕ್ ಇಟ್ಟಿಗೆಗಳನ್ನು ಜೋಡಿಸಿ, ಎಂಟು ತಿಂಗಳು ಕೂತು ನಾನೇ ವಿನ್ಯಾಸ ಮಾಡಿದ ಐದು ಬೋಗಿಗಳ ರೈಲು. ಸಂಜೆ ಐದಕ್ಕೆ ನಮ್ಮ ವಾಕಡದ ಅಪಾರ್ಟ್‌ಮೆಂಟ್ ಸೊಸೈಟಿಯ ಹಾಲ್‌ನಲ್ಲಿ ಎಲ್ಲರೆದುರು ಓಡಬೇಕಿತ್ತು. ತಿರುವಿನ ಹಳಿಯನ್ನು ಎರಡು ಸಲ ಬದಲಿಸಿಯೂ ಆಗಿತ್ತು.

ಮೂರು ಗಂಟೆಗೆ ಕೆಳಗಿನ ಮನೆಯ ದೇಸಾಯಿ ಮಾಮಾ ಬಾಗಿಲಿಗೆ ಬಂದರು. ಧಾರವಾಡದ ಕಡೆಯವರು. ರೈಲ್ವೆಯಲ್ಲಿದ್ದಾಗ ಸುತ್ತಿಗೆಯಿಂದ ಗಾಲಿ ಬಡಿದು, ಸದ್ದು ಕೇಳಿಯೇ ದೋಷ ಹಿಡಿಯುತ್ತಿದ್ದವರು.

“ಏನ ತಂಗಿ, ಮುಂಜಾನಿಂದ ನಿನ್ನ ಗಾಡಿ ನನ್ನ ತಲಿ ಮ್ಯಾಲೆ ಬೀಳ್ಲಿಕ್ಕತ್ತದಲ್ಲ!”

“ತಿರುವಿನ ಹಳಿ ಸರಿ ಇಲ್ರಿ ಮಾಮಾ.”

“ಹಳಿಗೆ ಯಾಕ ಬೈತಿ? ಒಮ್ಮೆ ಓಡಸು ನೋಡೋಣ.”

ಓಡಿಸಿದೆ. ಅವರು ನೋಡಲೇ ಇಲ್ಲ. ಹೊಸ್ತಿಲಲ್ಲೇ ಕಣ್ಣು ಮುಚ್ಚಿ ನಿಂತರು.

“ಮೂರನೇ ಡಬ್ಬಿ, ಹಿಂದಿನ ಗಾಲಿ. ತಿರಗವಲ್ದು, ಜಾರಲಿಕ್ಕತ್ತದ.”

ಗಾಲಿ ಬಿಚ್ಚಿದೆ. ಕಡ್ಡಿಯಷ್ಟು ದಪ್ಪದ ಅಚ್ಚಿಗೆ ಒಂದು ಉದ್ದ ಕೂದಲು ಬಿಗಿಯಾಗಿ ಸುತ್ತಿಕೊಂಡಿತ್ತು. ನನ್ನದೇ. ಅದನ್ನು ಬಿಡಿಸಿ ಬೆಳಕಿಗೆ ಹಿಡಿದೆ. ಒಂದು ಕೂದಲು ಮಾಡುವ ಸದ್ದನ್ನು ಈ ಮನುಷ್ಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದರು.

ಸಂಜೆ ರೈಲು ಒಮ್ಮೆಯೂ ಹಳಿ ತಪ್ಪದೆ ಹತ್ತು ಸುತ್ತು ಓಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಮಾಮಾ ಮಾತ್ರ ಕೈಗಡಿಯಾರ ನೋಡಿ, “ನಾಲ್ಕ ಮಿನಿಟ ಲೇಟ ಬಿಟ್ಟಿ,” ಎಂದರು.

ತಡವಾದದ್ದಕ್ಕೆ ಕಾರಣ ಬರೆದು ಕೊಡಬೇಕೇನೋ ಎಂದು ನಾನು ಒಂದು ಕ್ಷಣ ನಿಜವಾಗಿಯೂ ಪೆನ್ನು ಹುಡುಕಿದೆ.