ಹಸಿರು ಬಳೆಯ ಕೆಳಗಿನ ಗಾಯ

ಬೈಲಹೊಂಗಲದ ಪೇಟೆಯಲ್ಲಿ ನನ್ನ ಟೇಲರಿಂಗ್ ಅಂಗಡಿಗೂ ಖತಿಜಾಬಿಯ ಬಳೆ ಅಂಗಡಿಗೂ ನಡುವೆ ಇರುವುದು ಒಂದು ತಗಡಿನ ಗೋಡೆ ಮಾತ್ರ. ಅವಳು ಕೆಮ್ಮಿದರೆ ನನ್ನ ಹೊಲಿಗೆ ಸೊಟ್ಟಗಾಗುತ್ತದೆ. ಅವಳು ಕೂತಲ್ಲಿ ಕೂರುವವಳಲ್ಲ, ಬಾಯಿಗೆ ಬೀಗವಿಲ್ಲ. ಆದರೆ ಬಳೆ ತೊಡಿಸುವುದರಲ್ಲಿ ಅಷ್ಟು ಹಗುರ ಕೈ ನಾನು ಇನ್ನೊಂದು ಕಂಡಿಲ್ಲ. ಕಬ್ಬು ಕಡಿದು ಕಲ್ಲಾದ ಕೈಯನ್ನೂ ರೊಟ್ಟಿ ಹಿಟ್ಟಿನ ಹಾಗೆ ನಾದಿ, ಮಾತಿನಲ್ಲಿ ಮರೆಸಿ, ಬಳೆ ಏರಿಸಿಬಿಡುತ್ತಾಳೆ.

ಅವಳ ಬುಟ್ಟಿಯಲ್ಲಿ ಬಳೆಗಳ ಪಕ್ಕ ಸದಾ ಒಂದು ಹಸಿರು ಟ್ಯೂಬು ಇರುತ್ತದೆ. ಬೇವು, ಅರಿಸಿನ, ಲೋಳೆಸರದ ಮುಲಾಮು. ಗಾಜು ತರಚಿದರೆ ಹಚ್ಚಲಿಕ್ಕೆಂದು ಇಟ್ಟುಕೊಂಡದ್ದು, ಬರಬರುತ್ತ ಹಿಮ್ಮಡಿ ಒಡಕಿಗೆ, ಮಕ್ಕಳ ಬೆವರುಗುಳ್ಳೆಗೆ, ಗಂಡಸರ ಗಡ್ಡದ ಗಾಯಕ್ಕೆಲ್ಲ ಆಯಿತು. ನನ್ನ ಬೆರಳಿಗೆ ಸೂಜಿ ಚುಚ್ಚಿದರೆ ಗೋಡೆಯಾಚೆಯಿಂದ ಆ ಟ್ಯೂಬು ಹಾರಿ ಬಂದು ನನ್ನ ಮಡಿಲಿಗೆ ಬೀಳುತ್ತದೆ. ಸುಳ್ಳು ಯಾಕೆ ಹೇಳಲಿ, ಸಣ್ಣ ಗಾಯಕ್ಕೆ ಅದು ಒಳ್ಳೆಯದೇ. ಉರಿಯುವುದಿಲ್ಲ, ಬೇಗ ಮಾಯುತ್ತದೆ. ಆದರೆ ನಮ್ಮ ಹೆಂಗಸರು ಹೊಗಳುವುದನ್ನು ಕೇಳಿದರೆ ಸತ್ತವರನ್ನೂ ಎಬ್ಬಿಸೀತು ಅನ್ನಬೇಕು.

ಖತಿಜಾಬಿಗೆ ಅವಳ ಅತ್ತೆ ಕಲಿಸಿದ ಒಂದು ಕಟ್ಟಳೆ ಇತ್ತು. ತೊಡಿಸುವಾಗ ಬಳೆ ಒಡೆದರೆ ಚೂರುಗಳನ್ನೆಲ್ಲ ಬಟ್ಟೆಯ ಮೇಲೆ ಆರಿಸಿಟ್ಟು, ತುದಿಗೆ ತುದಿ ಹೊಂದಿಸಿ ನೋಡುತ್ತಿದ್ದಳು. ಬಳೆ ಪೂರ್ತಿ ಕೂಡಿದರೆ ಚರ್ಮದೊಳಗೆ ಏನೂ ಉಳಿದಿಲ್ಲ ಎಂದು ಲೆಕ್ಕ. ಆಮೇಲೆಯೇ ಮುಲಾಮು.

ಆ ಕಟ್ಟಳೆ ತಪ್ಪಿದ್ದು ಸಿರಸಂಗಿಯಲ್ಲಿ, ಭಾಗ್ಯಾಳ ಕುಬಸದ ದಿನ. ಬಸುರಿಗೆ ಹಸಿರು ಕುಬಸ ತೊಡಿಸಿ, ಎರಡೂ ಕೈಗೆ ಹಸಿರು ಬಳೆ ಇಡಿಸಿ, ಆರತಿ ಎತ್ತುವ ಕಾರ್ಯ. ಕುಬಸ ಹೊಲಿದವಳು ನಾನು. ಹಾಗಾಗಿ ನಾನೂ ಖತಿಜಾಬಿಯ ಜೊತೆ ಹೋಗಿದ್ದೆ. ಭಾಗ್ಯಾಳ ಅತ್ತೆ ಕೃಷ್ಣವ್ವನ ಮದುವೆಗೂ ಬಳೆ ತೊಡಿಸಿದ್ದವಳು ಖತಿಜಾಬಿಯೇ. ಭಾಗ್ಯಾಳ ಗಂಡ ಪರಶು ಎಂ.ಕೆ. ಹುಬ್ಬಳ್ಳಿಯ ಕಾರ್ಖಾನೆಗೆ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತಾನೆ, ಅವತ್ತು ಕೂಡ ದಾರಿಯಲ್ಲಿದ್ದ.

ಎಡಗೈಯ ಕೊನೆಯ ಬಳೆ ಹೆಬ್ಬೆರಳ ಬುಡದಲ್ಲಿ ಚಟ್ಟನೆ ಒಡೆಯಿತು, ರಕ್ತ ಬಂತು. ಹೆಂಗಸರ ಹಾಡು ನಿಂತಿತು. ಶುಭಕಾರ್ಯದಲ್ಲಿ ಒಡೆದ ಬಳೆ ಕಣ್ಣಿಗೆ ಬೀಳಬಾರದೆಂದು ಕೃಷ್ಣವ್ವ ಚೂರುಗಳನ್ನು ಸೆರಗಿನಿಂದ ಬಳಿದುಕೊಂಡು ಹಿತ್ತಲಿನ ತಿಪ್ಪೆಗೆ ಹೊರಟಳು.

"ತಡೀರಿ ಯವ್ವಾ, ಚೂರು ಜೋಡಿಸಿ ನೋಡತೇನಿ" ಎಂದಳು ಖತಿಜಾಬಿ.

"ಏನ ಜೋಡಸ್ತಿ? ಆರತಿ ಹೊತ್ತ ಮೀರಾಕ ಹತ್ತೈತಿ. ನಿನ್ನ ಮುಲಾಮು ಹಚ್ಚು, ಮುಂದಿಂದ ನೋಡು" ಎಂದ ಕೃಷ್ಣವ್ವ ಚೂರು ಚೆಲ್ಲಿಯೇ ಬಂದಳು.

ಖತಿಜಾಬಿ ಹಚ್ಚಿದಳು. ರಕ್ತ ನಿಂತಿತು. ಬೇರೊಂದು ಬಳೆ ಏರಿತು, ಹಾಡು ಮುಂದುವರಿಯಿತು.

ಬಸ್ಸಿನಲ್ಲಿ ಮರಳುವಾಗಲೇ ಅವಳ ಚಡಪಡಿಕೆ ಶುರುವಾಯಿತು. ಮನೋಳಿಯಲ್ಲಿ ಬಸ್ ಬದಲಿಸಬೇಕು, ಅವಳು ಇಳಿದವಳೇ ಸಿರಸಂಗಿಯ ದಿಕ್ಕಿಗೆ ನೋಡುತ್ತ ನಿಂತಳು. "ರೇಣು, ಬಳಿ ಕೂಡಲಿಲ್ಲಲ್ಲ" ಅಂದಳು. ಗಾಯ ಸಾಸಿವೆಯಷ್ಟು ಎಂದು ನಾನು ಬೈದೆ. ಮರುದಿನವೂ ಅದೇ ರಾಗ. ಗಿರಾಕಿ ಕೈ ಚಾಚಿ ಕೂತಿದ್ದರೆ ಇವಳು ಎದ್ದು ಬಾಗಿಲಿಗೆ ಬರುತ್ತಾಳೆ, ಬಳೆ ಸರ ಬಿಚ್ಚುತ್ತಾಳೆ, ಮತ್ತೆ ಕಟ್ಟುತ್ತಾಳೆ. ಊಟದ ಡಬ್ಬಿ ತೆರೆದಿಟ್ಟು ಮರೆಯುತ್ತಾಳೆ. ಗೋಡೆಯಾಚೆ ಅವಳ ಚಪ್ಪಲಿ ಸಪ್ಪಳ ಕೇಳಿ ಕೇಳಿ ನನಗೂ ತಲೆ ಕೆಟ್ಟು ಒಬ್ಬರ ತೋಳು ಇನ್ನೊಬ್ಬರ ಕುಬಸಕ್ಕೆ ಹಚ್ಚಿಬಿಟ್ಟೆ.

ಫೋನು ಮಾಡಿದರೆ ಕೃಷ್ಣವ್ವ, "ಮಾಯ್ದೈತಿ ಬಿಡು" ಎಂದಳು. ಆಮೇಲೊಮ್ಮೆ ಮಾಡಿದಾಗ, "ಒಂದೀಟು ಬಾತೈತಿ, ನಿನ್ನ ಮುಲಾಮು ದಪ್ಪಗ ಹಚ್ಚಾಕ ಹತ್ತೇವಿ" ಎಂದಳು. ಆ ಸಂಜೆ ಭಾಗ್ಯಾ ಅತ್ತೆಗೆ ತಿಳಿಯದಂತೆ ಒಂದು ಫೋಟೋ ಕಳಿಸಿದಳು. ಗಾಯದ ಮೇಲೆ ಚರ್ಮ ಕೂಡಿತ್ತು, ನುಣ್ಣಗಿತ್ತು. ಆದರೆ ಕೈ ಊದಿ, ಹಸಿರು ಬಳೆಗಳು ಮಣಿಕಟ್ಟಿನೊಳಗೆ ಹೂತಿದ್ದವು. ಬಳೆಗಳ ಸಂದಿಯಲ್ಲೆಲ್ಲ ಮುಲಾಮು ಮೆತ್ತಿದ್ದರು.

ಮೊದಲ ಬಸ್ಸಿಗೆ ಹೊರಟೆವು. ಹೋಗಿ ನೋಡಿದರೆ ಭಾಗ್ಯಾಳಿಗೆ ಜ್ವರ. ಮಣಿಕಟ್ಟಿನಿಂದ ಒಂದು ಕೆಂಪು ಗೆರೆ ಮೊಣಕೈ ಕಡೆಗೆ ಏರಿತ್ತು. ಖತಿಜಾಬಿ ಆ ಹೆಬ್ಬೆರಳ ಬುಡವನ್ನು ಮೆಲ್ಲಗೆ ಒತ್ತಿದಳು, ಹುಡುಗಿ ಕಿರುಚಿದಳು.

"ಒಳಗ ಗಾಜ ಐತಿ. ದವಾಖಾನಿಗೆ ನಡೀರಿ, ಈಗ ನಡೀರಿ."

ಕೃಷ್ಣವ್ವ ಬಾಗಿಲಿಗೆ ಅಡ್ಡ ನಿಂತಳು. "ದವಾಖಾನ್ಯಾಗ ಮೊದಲ ಬಳಿ ಕತ್ತರಸ್ತಾರ. ಕುಬಸದ ಬಳಿ ಹಡಿಯೂಮಟಾ ತಗಿಬಾರದು. ನನ್ನ ಮಗ ಹಗಲಿ ರಾತ್ರಿ ರಸ್ತೆದಾಗ ಟ್ರ್ಯಾಕ್ಟರ್ ಹೊಡಿತಾನ ಖತಿಜಾ, ಅವಂಗೇನರ ಆದ್ರ?"

ಆ ಮಾತಿಗೆ ನಗುವುದು ಸುಲಭ. ನನಗೆ ನಗು ಬರಲಿಲ್ಲ. ಕೃಷ್ಣವ್ವ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಖತಿಜಾಬಿಯೂ ನಗಲಿಲ್ಲ. ಬಳೆ ತೊಡಿಸಿದ ಕೈ ಬಳೆ ಒಡೆಯಬಾರದೆಂದು ನಂಬಿ ಬದುಕಿದವಳು ಅವಳು. ಗಂಡ ಸತ್ತವಳ ಕೈಯ ಬಳೆ ಒಡೆಯಲು ಕರೆದಾಗಲೂ ಎಷ್ಟೇ ಬೈದರೂ ಹೋದವಳಲ್ಲ.

ಮೊದಲು ಬಳೆಗಳನ್ನು ಇಡಿಯಾಗಿಯೇ ತೆಗೆಯಲು ನೋಡಿದಳು. ಕೈಗೆಲ್ಲ ಅದೇ ಮುಲಾಮು ಬಳಿದು, ಬೆರಳು ಮಡಿಸಿ, ನಾದಿದಳು. ಬಳೆ ಕದಲಲಿಲ್ಲ. ಭಾಗ್ಯಾ ಅತ್ತು ಅತ್ತು ದನಿ ಬತ್ತಿ ಗೋಡೆಗೆ ಒರಗಿಬಿಟ್ಟಳು.

ಖತಿಜಾಬಿ ನನ್ನ ಚೀಲಕ್ಕೆ ಕೈ ಹಾಕಿ ಕುಬಸದ ತುಂಡು ಬಟ್ಟೆ ತೆಗೆದಳು. ಅದನ್ನು ಬಳೆಗಳ ಕೆಳಗೆ ತೂರಿಸಿ, ಮೇಲೂ ಸುತ್ತಿ, ಅಂಗಡಿಯಿಂದ ತಂದಿದ್ದ ಇಕ್ಕಳ ಹೊರಗೆ ತೆಗೆದಳು. "ಕೃಷ್ಣವ್ವಾ, ಪಾಪ ಇದ್ದರ ಅದು ನಂದು. ನಿನ್ನ ಮಗಂದಲ್ಲ, ನಿನ್ನ ಸೊಸಿದಲ್ಲ. ನನ್ನ ತಲಿ ಮ್ಯಾಲೆ ಇರಲಿ" ಎಂದಳು. ಆಮೇಲೆ ಕಣ್ಣು ಮುಚ್ಚಿ ಅಲ್ಲಾನ ಹೆಸರು ಹೇಳಿ, ಕಣ್ಣು ತೆರೆದು ಒತ್ತಿದಳು. ಬಟ್ಟೆಯೊಳಗೆ ಬಳೆಗಳು ಒಂದೊಂದಾಗಿ ಮುರಿದ ಸಪ್ಪಳ ಇಡೀ ಮನೆಗೆ ಕೇಳಿತು. ಕೃಷ್ಣವ್ವ ಕಿವಿ ಮುಚ್ಚಿಕೊಂಡು ಗೋಡೆಗೆ ಮುಖ ಮಾಡಿದ್ದಳು. ಎಡಗೈ ಬರಿದಾದ ದೋಷಕ್ಕೆಂದು ಖತಿಜಾಬಿ ಒಂದು ಅರಿಸಿನ ಕೊಂಬನ್ನು ದಾರಕ್ಕೆ ಕಟ್ಟಿ ಬಲಗೈಯ ಬಳೆಗಳ ಪಕ್ಕ ಬಿಗಿದಳು. ಊದಿದ ಎಡಗೈಗೆ ಏನೂ ಕಟ್ಟಲಿಲ್ಲ.

ಸವದತ್ತಿಯ ದವಾಖಾನೆಯಲ್ಲಿ ಡಾಕ್ಟರು ಚರ್ಮ ಬಿಡಿಸಿದರು. ಕೀವಿನ ಜೊತೆ ನುಚ್ಚಕ್ಕಿಯಷ್ಟು ಹಸಿರು ಗಾಜು ಬಂತು. ಇನ್ನೂ ತಡವಾಗಿದ್ದರೆ ಕೈಗೂ ಹೊಟ್ಟೆಯೊಳಗಿನ ಕೂಸಿಗೂ ಅಪಾಯವಿತ್ತು ಎಂದರು. ಮುಲಾಮಿನದೇನೂ ತಪ್ಪಿಲ್ಲ, ಆದರೆ ಮೇಲೆ ಹಚ್ಚಿದ್ದು ಒಳಗಿನ ಗಾಜನ್ನು ತೆಗೆಯುವುದಿಲ್ಲ ಎಂದೂ ಹೇಳಿದರು. ಖತಿಜಾಬಿ ತಲೆ ತಗ್ಗಿಸಿ ಕೇಳಿದಳು.

ಹೊರಗೆ ಜಗಲಿಯಲ್ಲಿ ಕೃಷ್ಣವ್ವ, "ಸೊಸಿ ಉಳದಳು, ಅದಕ್ಕ ಕೈ ಮುಗಿತೇನಿ. ಆದರ ಇನ್ನ ನಿನ್ನ ಕೈಲೆ ನಮ್ಮ ಮನ್ಯಾಗ ಬಳಿ ಏರೂದು ಬ್ಯಾಡ" ಎಂದಳು. ಖತಿಜಾಬಿ ಹೂಂ ಎಂದಳು.

ಆಮೇಲೆ ಅವಳ ಚಡಪಡಿಕೆ ಇಮ್ಮಡಿಯಾಯಿತು. ಭಾಗ್ಯಾಳ ಗಾಯ ಮಾಯುತ್ತಿದೆ ಎಂದು ಸುದ್ದಿ ಬಂದಿತ್ತು. ಈಗ ಇವಳಿಗೆ ಪರಶುನ ಚಿಂತೆ. ಪೇಟೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಸದ್ದಾದರೆ ಬಾಗಿಲಿಗೆ ಓಡುವಳು. ಎಲ್ಲೋ ಟ್ರಾಲಿ ಮಗುಚಿದೆ ಎಂದು ಯಾರೋ ಅಂದದ್ದಕ್ಕೆ ಬಳೆಯ ಡಬ್ಬಿಯನ್ನೇ ಕೆಡವಿದಳು. ನಂಬಿಕೆ ಕೃಷ್ಣವ್ವನ ಮನೆಯದು, ನಿದ್ದೆ ಹೋದದ್ದು ಇವಳದು! ಹುಚ್ಚಿ ಎಂದು ಬೈದೆ. ಬೈಯುತ್ತಲೇ ಅವಳ ಜೊತೆ ಕೂತು ಬಿದ್ದ ಬಳೆ ಆರಿಸಿದೆ.

ಒಂದು ಮಧ್ಯಾಹ್ನ ಅವಳ ಫೋನು ಬಡಿಯಿತು. ಕೃಷ್ಣವ್ವನ ದೊಡ್ಡ ದನಿ ಗೋಡೆಯಾಚೆಗೂ ಕೇಳಿತು.

"ಖತಿಜಾ, ಬ್ಯಾರೆ ಬಳಿಗಾರ್ತಿನ್ನ ಕರಿಸಿದ್ನಿ. ಈ ಹುಡುಗಿ ಮುಷ್ಟಿ ಬಿಗಿ ಹಿಡದ ಕುಂತಾಳ, ಬಿಚ್ಚವಲ್ಲಳು. ಒಡದ ಕೈನೇ ತೊಡಸ್ಲಿ ಅಂತಾಳ. ಬಾ."

ಖತಿಜಾಬಿ ಎದ್ದು ನಿಂತ ಸಪ್ಪಳ ಕೇಳಿತು. "ಪರಶು ಹ್ಯಾಂಗದಾನ?" ಎಂದಷ್ಟೇ ಕೇಳಿದಳು.

"ಅವನ ಕೈಲೇ ಹೇಳಿ ಕಳಿಸೇನಿ. ನಿನ್ನ ಕರಕೊಂಡ ಬರಾಕ ಟ್ರ್ಯಾಕ್ಟರ್ ತಗೊಂಡು ಆಗಲೇ ಹೊಂಟಾನ."

ನಾನು ಗೋಡೆ ಸುತ್ತಿ ಓಡಿ ಬಂದೆ. ಹಸಿರು ಬಳೆ ಆರಿಸಿ ಬುಟ್ಟಿಗೆ ತುಂಬಿದ್ದು ನಾನೇ, ಟ್ಯೂಬು ಇಟ್ಟದ್ದೂ ನಾನೇ. ಖತಿಜಾಬಿ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದಳು. ಹೊತ್ತು ಇಳಿಯುವಾಗ ಪೇಟೆಯ ತಿರುವಿನಲ್ಲಿ ಟ್ರ್ಯಾಕ್ಟರ್ ಸದ್ದಾಯಿತು, ಅವಳು ಏಳಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತ, ಅದು ಬಂದು ನಿಲ್ಲುವವರೆಗೂ ಕೂತೇ ಇದ್ದಳು.