ಆಟದ ರೈಲಿಗೊಂದು ಇಟ್ಟಿಗೆ ಸ್ಟೇಶನ್

ನಾನು ಒಂದು ಕಡೆ ಕೂರುವ ಹೆಣ್ಣಲ್ಲ. ಕೂತರೂ ಕಾಲು ಕುಣಿಯುತ್ತಲೇ ಇರುತ್ತದೆ. ಮಾವನವರು ಅದನ್ನು ನೋಡಿ, "ನಿನ್ನ ಕಾಲಿಗೆ ಯಾರರ ಕೀಲಿ ಕೊಟ್ಟಾರೇನವಾ?" ಎಂದು ಕಾಡಿಸುತ್ತಾರೆ. ಮದುವೆಯಾದಾಗಿನಿಂದ ಬಾಡಿಗೆ ಮನೆಯಲ್ಲೇ ಇರುವವಳಿಗೆ ಕಾಲು ನಿಲ್ಲುವುದಾದರೂ ಎಲ್ಲಿ? ನಮ್ಮವರದು ವಿದ್ಯುತ್ ಇಲಾಖೆಯ ನೌಕರಿ. ಕುಷ್ಟಗಿ, ಯಲಬುರ್ಗಾ, ಗಂಗಾವತಿ, ಈಗ ಕೊಪ್ಪಳ. ಊರು ಬದಲಾದರೂ ಮನೆ ಮಾಲಕರ ಮಾತು ಮಾತ್ರ ಒಂದೇ: ಗ್ವಾಡಿಗೆ ಮೊಳಿ ಹೊಡೀಬ್ಯಾಡ್ರಿ. ತವರಿನವರು ಕೊಟ್ಟ ಗಡಿಯಾರ ಇವತ್ತಿಗೂ ಗೋಡೆ ಕಂಡಿಲ್ಲ, ಕಪಾಟಿನ ಮೇಲೆ ಮಲಗಿಕೊಂಡೇ ಗಂಟೆ ಹೊಡೆಯುತ್ತದೆ.

ಹಾಗಂತ ನಮಗೆ ಜಾಗ ಇಲ್ಲವೆಂದಲ್ಲ. ಭಾಗ್ಯನಗರದಲ್ಲಿ ಒಂದು ಪ್ಲಾಟು ಇದೆ. ಪೂಜೆ ಮಾಡಿ, ಪಾಯ ತೋಡಿಸಿ, ಮೊಣಕಾಲೆತ್ತರಕ್ಕೆ ಕಲ್ಲು ಕಟ್ಟಿಸಿದ್ದೂ ಆಗಿತ್ತು. ಅದೇ ತಿಂಗಳು ಅತ್ತೆ ತೀರಿಕೊಂಡರು. ಸಕ್ಕರೆ ಕಾಯಿಲೆ ಅವರನ್ನು ವರ್ಷಗಟ್ಟಲೆ ತಿಂದಿತ್ತು. ಆದರೆ ಮಾತಾಡಿಸಲು ಬಂದವರಲ್ಲಿ ಯಾರೋ ಒಬ್ಬರು, "ಪಾಯಾ ಕೂಡಿ ಬರಲಿಲ್ಲ ನೋಡ್ರಿ" ಎಂದುಬಿಟ್ಟರು. ಆ ಮಾತು ಕಿವಿಗೆ ಬಿದ್ದಾಗ ನಮ್ಮವರ ಮುಖ ಹೇಗಾಯಿತೆಂದು ನಾನು ನೋಡಿದ್ದೇನೆ. ಅವರು ಅದನ್ನು ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ. ನಾನು ಮನೆಯ ಮಾತೆತ್ತಿದರೆ, "ಮುಂದಿನ ವರ್ಷ ನೋಡೋಣಂತ" ಎನ್ನುವುದು ರೂಢಿಯಾಯಿತು.

ಹಾಗೆ ಕಾದು ಕಾದು ಒಂದು ವರ್ಷ ಆ ಪ್ಲಾಟಿಗೆ ಬಂದದ್ದು ಮನೆಯಲ್ಲ, ರೈಲು. ಕುಷ್ಟಗಿಯಲ್ಲಿದ್ದಾಗ, ಊರಿಗೆ ರೈಲು ಬರುತ್ತದೆಂದು ಏರಿಸಿದ್ದ ಮಣ್ಣಿನ ಒಡ್ಡನ್ನು ನೋಡಲಿಕ್ಕೆಂದೇ ರವಿವಾರ ಹೋಗುತ್ತಿದ್ದ ಮನುಷ್ಯ ಇವರು. ಈಗ ತೋಟದಲ್ಲಿ ಓಡಿಸುವ ಬ್ಯಾಟರಿ ರೈಲನ್ನೇ ತರಿಸಿಬಿಟ್ಟರು. ಮೊಳದುದ್ದದ ಎಂಜಿನ್, ಅದರ ಹಿಂದೆ ಡಬ್ಬಿಗಳು, ಒಂದು ಚೀಲ ಹಳಿ. ಪಾಯದ ಸುತ್ತ ಜಲ್ಲಿ ಹರವಿ ಹಳಿ ಜೋಡಿಸಿದರು. ಪ್ಲಾಟಿನಲ್ಲಿ ಮೊದಲೇ ಹಚ್ಚಿದ್ದ ದಾಳಿಂಬೆ, ಕರಿಬೇವು, ಮಲ್ಲಿಗೆಯ ನಡುವೆ ರೈಲು ಸುತ್ತತೊಡಗಿತು. ಪಕ್ಕದಲ್ಲಿದ್ದ, ವಿಗ್ಗಿಗೆಂದು ಕೂದಲು ಸ್ವಚ್ಛ ಮಾಡುವ ಕಾರ್ಖಾನೆಯ ಹೆಣ್ಣುಮಕ್ಕಳು ಊಟದ ಬಿಡುವಿನಲ್ಲಿ ಬಂದು ನೋಡಿ ನಗುತ್ತಿದ್ದರು. ನನಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು. ನನ್ನ ಅಡುಗೆಮನೆ ಏಳಬೇಕಾದ ಜಾಗಕ್ಕೆ ಆಟದ ರೈಲು ಪ್ರದಕ್ಷಿಣೆ ಹಾಕುತ್ತಿತ್ತು.

ಒಂದು ಮುಂಜಾನೆ ಇವರು, "ಇದಕ್ಕೊಂದು ಇಟ್ಟಂಗಿ ಸ್ಟೇಶನ್ ಬೇಕು ನೋಡು. ನಿನ್ನ ಕೈ ಛಲೋ ಐತಿ, ನೀನ ಮಾಡು" ಎಂದರು. ನಾನು ಸಾಲೆಯಲ್ಲಿ ಚಿತ್ರ ಕಲಿಸುವವಳು. ಬೈಯಬೇಕೆಂದು ಬಾಯಿ ತೆರೆದೆ, "ಆತು ಬಿಡ್ರಿ" ಎಂದೆ. ಆ ಗಳಿಗೆಗೇ ನನ್ನೊಳಗೊಂದು ಹಟ ಹುಟ್ಟಿತ್ತು. ಟ್ರಂಕಿನಲ್ಲಿ ಸುತ್ತಿ ಇಟ್ಟಿದ್ದ ನಮ್ಮ ಮನೆಯ ನಕ್ಷೆ ಹೊರತೆಗೆದೆ. ಸ್ಟೇಶನ್ ಹೆಸರು ಹೇಳಿಕೊಂಡು ಆ ಮನೆಯನ್ನೇ ಕಟ್ಟಲು ಕೂತೆ.

ಮೊದಲು ಫೋಮ್ ಶೀಟಿನಲ್ಲಿ ಗೋಡೆ ಕತ್ತರಿಸಿದೆ. ಒಂದು ಮಧ್ಯಾಹ್ನ ಪ್ಲಾಟಿನಲ್ಲಿಟ್ಟು ನೋಡಿದರೆ ಬಿಸಿಲಿಗೆ ಹಪ್ಪಳದಂತೆ ಸೊಟ್ಟಗಾಗಿತ್ತು. ಬಯಲಲ್ಲಿ ನಿಲ್ಲುವ ಕಟ್ಟಡ ಬಿಸಿಲು ಮಳೆ ಎರಡನ್ನೂ ತಾಳಬೇಕಲ್ಲ. ಆಮೇಲೆ ಗಾಜಿನ ಮೇಲೆ ಎಣ್ಣೆ ಸವರಿ, ಸಾಣಿಸಿದ ಮರಳಿಗೆ ಸಿಮೆಂಟು ಕಲಸಿ ತೆಳ್ಳಗೆ ಹರವಿದೆ. ಬಿರುಕು ಬಿಡದಿರಲೆಂದು ನಡುವೆ ಸೊಳ್ಳೆ ಜಾಲರಿಯ ತುಂಡು ಇಟ್ಟೆ. ಅದು ಅರ್ಧ ಗಟ್ಟಿಯಾದಾಗ ಬಾಗಿಲು ಕಿಟಕಿ ಕೊರೆದು, ಅಳತೆಪಟ್ಟಿ ಹಿಡಿದು, ದಬ್ಬಣದಿಂದ ಇಟ್ಟಿಗೆಯ ಗೆರೆ ಎಳೆಯಬೇಕು. ಅವಸರ ಮಾಡಿದರೆ ಗೆರೆ ಮುಚ್ಚಿಕೊಳ್ಳುತ್ತದೆ, ತಡ ಮಾಡಿದರೆ ಚಕ್ಕೆ ಏಳುತ್ತದೆ. ನನ್ನಂಥವಳಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇನ್ನೊಂದಿಲ್ಲ. ಎದ್ದು ಒಲೆಯ ಹತ್ತಿರ ಹೋಗುವುದು, ಮತ್ತೆ ಬಂದು ಬೆರಳಿಂದ ಒತ್ತಿ ನೋಡುವುದು. ನಾನು ಒತ್ತಿದ ಗುರುತು ಬಿದ್ದೇ ಒಂದು ಗೋಡೆ ಹಾಳಾಯಿತು.

ಬಣ್ಣದ್ದು ಇನ್ನೊಂದು ಗೋಳು. ಕೆಂಪು ಬಳಿದರೆ ಗೋಡೆ ಕುಂಕುಮದ ಡಬ್ಬಿಯಾಯಿತು. ಸಾಲೆಯಿಂದ ಬರುವಾಗ ಯಾರದೋ ಕಟ್ಟಡದ ಮುಂದೆ ಗಂಗಾವತಿ ಕಡೆಯ ಇಟ್ಟಿಗೆ ರಾಶಿ ಕಂಡು ಸ್ಕೂಟಿ ನಿಲ್ಲಿಸಿದೆ. ಒಂದು ಕಿತ್ತಳೆ, ಒಂದು ಕಂದು, ಹೆಚ್ಚು ಸುಟ್ಟದ್ದು ನೇರಳೆಗಪ್ಪು. ಮನೆಗೆ ಬಂದು ಸಣ್ಣ ಕುಂಚದಲ್ಲಿ ಒಂದೊಂದು ಇಟ್ಟಿಗೆಗೂ ಅದರದೇ ಬಣ್ಣ ಕೊಟ್ಟೆ. ಒಣಗಿದ ಮೇಲೆ ತೆಳ್ಳನೆಯ ಬೂದು ಬಣ್ಣ ಸವರಿ ಅರಿವೆಯಿಂದ ಒರೆಸಿದೆ. ಬೂದು ಗೆರೆಗಳಲ್ಲಿ ಮಾತ್ರ ಉಳಿಯಿತು, ಸಿಮೆಂಟಿನ ತುಂಡು ಒಮ್ಮೆಲೇ ಗೋಡೆಯಾಯಿತು. ಅದನ್ನು ನೋಡಿ ನನಗೆ ಅಳು ಬಂತು, ಸಿಟ್ಟೂ ಬಂತು.

ಜೋಡಿಸಿ ಮುಗಿಸಿದಾಗ ಕುಕ್ಕರಿನ ಪೆಟ್ಟಿಗೆಯಷ್ಟಾಗಿತ್ತು. ನಮ್ಮವರು ಸುತ್ತಲೂ ತಿರುಗಿಸಿ ನೋಡಿದರು. ನಕ್ಷೆ ಬರೆಸಿದವರೇ ಅವರು, ಗುರುತು ಹತ್ತದೆ ಇರುತ್ತದೆಯೇ? "ಛಲೋ ಆಗೇತಿ" ಎಂದಷ್ಟೇ ಹೇಳಿ ಒಯ್ದು ಹಳಿಯ ಪಕ್ಕ ಇಟ್ಟರು. ಅವರು ಡ್ಯೂಟಿಗೆ ಹೋದ ಮೇಲೆ ನಾನು ಅದನ್ನೆತ್ತಿ ಪಾಯದ ನಟ್ಟನಡುವೆ ಇಟ್ಟೆ. ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚಿದೆ. ಎದುರಿಗೆ ಮೂರು ಕಲ್ಲು ಹೂಡಿ, ಕಟ್ಟಿಗೆ ಚೂರು ಹೊತ್ತಿಸಿ ಹಾಲು ಉಕ್ಕಿಸಿದೆ. ಗೃಹಪ್ರವೇಶ ಆಗಿಹೋಯಿತು, ಮನೆಯನ್ನು ಮತ್ತೆ ಹಳಿಯ ಪಕ್ಕಕ್ಕೇ ಇಟ್ಟೆ. ಇನ್ನು ಒಂದು ವರ್ಷ ನಮ್ಮಲ್ಲಿ ಯಾರಿಗೂ ಏನೂ ಆಗದಿದ್ದರೆ, "ನೋಡ್ರಿ, ಈ ಜಾಗಾ ಯಾರನ್ನೂ ತಿನ್ನೂದಿಲ್ಲ" ಎಂದು ಇವರ ಮುಂದೆ ನಿಲ್ಲಬೇಕೆಂಬುದು ನನ್ನ ಎಣಿಕೆ.

ಅಂದಿನಿಂದ ನನ್ನ ನೆಮ್ಮದಿ ಹೋಯಿತು. ಮಾವನವರು ಸೀನಿದರೆ ಎದೆ ಧಸಕ್ಕೆನ್ನುವುದು. ಇವರು ಕಂಬದ ಕೆಲಸಕ್ಕೆ ಕುಕನೂರಿನ ಕಡೆ ಹೋದರೆ ಫೋನಿನ ಮೇಲೆ ಫೋನು. ಇವರ ಅಂಜಿಕೆ ಬಿಡಿಸಲು ಹೊರಟ ನಾನೇ ಆ ಅಂಜಿಕೆಯನ್ನು ಸೆರಗಿಗೆ ಕಟ್ಟಿಕೊಂಡಿದ್ದೆ. ಮಾವನವರ ಕೈಯ ಮಿರ್ಚಿ ಭಜಿ ಕಸಿದುಕೊಂಡಾಗ ಅವರು, "ಇದೇನವಾ, ನನ್ನ ಜೇಲಿನ್ಯಾಗ ಇಟ್ಟೀಯೇನು?" ಎಂದು ರೇಗಿದರು.

ವರ್ಷ ತುಂಬಲು ಇನ್ನೂ ಬಹಳ ದಿನ ಇತ್ತು. ಮಾವನವರಿಗೆ ಜ್ವರ ಬಂತು, ಎದೆಯಲ್ಲಿ ಕಫ ಕಟ್ಟಿ ಉಸಿರಾಡುವುದು ಕಷ್ಟವಾಗಿ ಆಸ್ಪತ್ರೆಗೆ ಸೇರಿಸಿದೆವು. ವಾರ್ಡಿನ ಹೊರಗೆ ಇವರು ನನ್ನ ಕಡೆ ತಿರುಗಿದರು.

"ಪಾಯದ ಮ್ಯಾಲೆ ಮಸಿ ಐತಿ. ಹಾಲು ಉಕ್ಕಿಸೀಯೇನು?"

"ಹೂಂರಿ."

"ಅವ್ವ ಹೋಗಿದ್ದು ಸಾಕಾಗಲಿಲ್ಲೇನು ನಿನಗ?"

ಅಷ್ಟು ವರ್ಷ ಒಳಗಿದ್ದ ಮಾತು ಹೊರಗೆ ಬಿದ್ದಿತ್ತು. ಸ್ಕೂಟಿ ಹತ್ತಿ ನೇರ ಭಾಗ್ಯನಗರಕ್ಕೆ ಹೋದೆ. ಒಡೆದೇ ಬಿಡಬೇಕೆಂದು ಕಲ್ಲು ಎತ್ತಿದೆ. ಹಸಿಯ ಹೊತ್ತಿನಲ್ಲಿ ಬೆರಳಿಟ್ಟು ಕಾಯ್ದ ಗೋಡೆಗಳ ಮೇಲೆ ಅದನ್ನು ಹಾಕಲು ಕೈ ಬರಲಿಲ್ಲ. ಅಲ್ಲೇ ಬಿಡಲೂ ಧೈರ್ಯವಿರಲಿಲ್ಲ, ಬಾಡಿಗೆ ಮನೆಗೆ ಒಯ್ಯಲೂ ಅಂಜಿಕೆ. ಕೊನೆಗೆ ಸ್ಕೂಟಿಯಲ್ಲಿ ಕಾಲಿಡುವ ಜಾಗಕ್ಕೆ ಇಟ್ಟುಕೊಂಡು, ಏನು ಮಾಡುತ್ತಿದ್ದೇನೆಂದು ತಿಳಿಯದೆ, ಆಸ್ಪತ್ರೆಗೇ ತಂದು ಮಾವನವರ ಮಂಚದ ಕೆಳಗೆ ಸರಿಸಿದೆ. ಇವರು ಅದನ್ನು ನೋಡಿ, ಔಷಧಿ ಚೀಟಿ ಹಿಡಿದು ಹೊರಗೆ ಹೋದರು.

ಜ್ವರ ಇಳಿದ ಮೇಲೆ ಮಾವನವರ ಕಣ್ಣು ಅದರ ಮೇಲೆ ಬಿತ್ತು.

"ಅದೇನವಾ ಕೆಂಪಂದು?"

ನಾನು ಎತ್ತಿ ಹಾಸಿಗೆಯ ಅಂಚಿಗೆ ಇಟ್ಟೆ. ಸ್ಟೇಶನ್ ಅಲ್ಲ, ನಮ್ಮ ಮನೆ ಎಂದೆ. ಹಾಲು ಉಕ್ಕಿಸಿದ್ದನ್ನೂ ಹೇಳಿಬಿಟ್ಟೆ. ಅವರು ಗೋಡೆಯ ಮೇಲೆ ಬೆರಳಾಡಿಸಿದರು.

"ನನ್ನ ಖೋಲಿ ಯಾವುದು?"

ಅವರ ಕೋಣೆ ತೋರಿಸಿದೆ.

"ಕಿಟಕಿ ಭಾಳ ಸಣ್ಣದಾತು." ಕೆಮ್ಮಿ ಸುಧಾರಿಸಿಕೊಂಡು ಮಗನ ಕಡೆ ನೋಡಿದರು. "ನಿಮ್ಮವ್ವನ್ನ ಒಯ್ದದ್ದು ಸಕ್ಕರಿ ಬ್ಯಾನಿಪಾ, ಪಾಯಾ ಅಲ್ಲ. ನಾನೂ ಒಂದಿನ ಹೋಗಾಂವನ. ಬಾಡಿಗಿ ಮನ್ಯಾಗ ಸತ್ರ ಹೆಣಾ ಕುಂದ್ರಸಾಕೂ ಮಾಲಕನ್ನ ಕೇಳಬೇಕು. ಈ ಖೋಲ್ಯಾಗ ಆದ್ರ ಯಾರನ್ನೂ ಕೇಳೂದಿಲ್ಲ."

ಇವರು ಸ್ಟೂಲಿನ ಮೇಲೆ ಕೂತು, ಮನೆಯನ್ನು ತೊಡೆಯ ಮೇಲಿಟ್ಟುಕೊಂಡು, ಕಿಸೆಯ ಪೆನ್ನು ತೆಗೆದರು. ನಾನು ಒಂದೊಂದಾಗಿ ಬಣ್ಣ ಕೊಟ್ಟ ಇಟ್ಟಿಗೆಗಳ ಮೇಲೆ, ಆ ಸಣ್ಣ ಕಿಟಕಿಯ ಆಚೀಚೆ, ಗೆರೆ ಎಳೆದರು. ಗೆರೆ ಸೊಟ್ಟಗಾಯಿತು.

"ಇಷ್ಟು ಸಾಕೇನಪಾ?"

"ಇನ್ನಾ ಚೂರು" ಎಂದರು ಮಾವನವರು.

ಇವರು ಆ ಗೆರೆಯನ್ನು ಕಾಟು ಹಾಕಿ, ಒಂದು ಇಟ್ಟಿಗೆ ಆಚೆಗೆ ಇನ್ನೊಂದು ಎಳೆದರು.